ಕೆಳಗಿನಿಂದ ಎಸೆದ ಚೆಂಡು

ಜನವರಿ 11, ಭಾನುವಾರ

ಶಾಲೆಯ ಸಾಫ್ಟ್‌ಬಾಲ್ ಕೋಚ್ ಮಿಸ್ ಟ್ರೆಂಟ್ ಫೋನ್ ಮಾಡಿದ್ದರು. ಮೊದಲು ನನ್ನ ಹೆಂಡತಿ ಡೀನಾ ಬಗ್ಗೆ ನಾಲ್ಕು ಒಳ್ಳೆಯ ಮಾತು. ಒಂದು ಕೆಮ್ಮು. ಆಮೇಲೆ ವಿಷಯಕ್ಕೆ ಬಂದರು. ಶಾಲೆಯ ಆಟದ ಹಜಾರದ ನೆಲ ಕಿತ್ತು ಹಾಕಿದ್ದಾರಂತೆ, ಚಳಿಗಾಲ ಮುಗಿಯುವ ತನಕ ಅಲ್ಲಿ ಅಭ್ಯಾಸವಿಲ್ಲ. ಮಾರ್ಚ್ ಮೊದಲ ವಾರ ತಂಡದ ಆಯ್ಕೆ. ಅಲ್ಲಿಯವರೆಗೆ ಹುಡುಗಿಯರು ತಮ್ಮ ಏರ್ಪಾಡು ತಾವೇ ಮಾಡಿಕೊಳ್ಳಬೇಕು.

"ಹತ್ತಿರದಲ್ಲಿ ಯಾವುದಾದ್ರೂ ಬ್ಯಾಟಿಂಗ್ ಕೇಜ್ ನೋಡಿ ಸೇರಿಸಿಬಿಡಿ ಆರ್ವಿಡ್. ಅಮ್ಮನ ಹಾಗೇ ಕೊರಿನ್ ಕೈನೂ ಒಳ್ಳೇದು. ಆಟ ಬಿಡಿಸಬಾರದು" ಅಂದರು.

ಸುತ್ತಲೂ ಬಲೆ ಕಟ್ಟಿದ ಉದ್ದನೆಯ ಓಣಿ, ಒಂದು ತುದಿಯಲ್ಲಿ ಚೆಂಡು ಉಗುಳುವ ಯಂತ್ರ, ಇನ್ನೊಂದು ತುದಿಯಲ್ಲಿ ಬ್ಯಾಟ್ ಹಿಡಿದವರು. ಬ್ಯಾಟಿಂಗ್ ಕೇಜ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಇಂಥದ್ದೆಲ್ಲ ಡೀನಾಳ ಪಾಲಿನ ಕೆಲಸವಾಗಿತ್ತು. ಹಿತ್ತಲಿನಲ್ಲಿ ಬಕೆಟ್ ತುಂಬ ಚೆಂಡು ಇಟ್ಟುಕೊಂಡು ತಾನೇ ಎಸೆಯುತ್ತಿದ್ದಳು, ಮಗಳು ಹೊಡೆಯುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಅದು ಅವರಿಬ್ಬರ ಲೋಕ. ನಡುವೆ ತಲೆ ಹಾಕುವುದು ಸರಿಯಲ್ಲ ಅಂದುಕೊಂಡಿದ್ದೆ.

ಸಂಜೆ ವೇಡ್ ಕೂಡ ಫೋನ್ ಮಾಡಿದ. ಹುಡುಗಿಯ ಅಪ್ಪ. ದೂರದ ಆರಿಜೋನಾದ ಟೂಸಾನ್‌ನಲ್ಲಿದ್ದಾನೆ, ಅಲ್ಲೇ ಬೇರೆ ಸಂಸಾರ. "ಈ ವರ್ಷದ ಶಾಲೆ ಮುಗಿಯೋ ತನಕ ಅವಳು ಅಲ್ಲೇ ಇರ್ಲಿ ಆರ್ವಿಡ್. ಮಧ್ಯದಲ್ಲಿ ಕಿತ್ತು ತರೋದು ಬೇಡ. ಜೂನ್‌ನಲ್ಲಿ ಕರ್ಕೊಂಡು ಬರ್ತೀನಿ" ಅಂದ. ಕೇಳುವವನ ದನಿಯಲ್ಲೇ ಹೇಳಿದ, ಆದರೆ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ. ಮೂರು ವರ್ಷದ ಮದುವೆಯಿಂದ ಹೆಂಡತಿ ಸಿಗುತ್ತಾಳೆ, ಅವಳ ಮಗಳು ಸಿಗುವುದಿಲ್ಲ. ಕಾನೂನು ಹಾಗಿದೆ. ಹೆಂಡತಿಯೂ ನವೆಂಬರಿನಲ್ಲಿ ಕೆಲಸದ ಜಾಗದಲ್ಲೇ ಕುಸಿದು ಬಿದ್ದು ತೀರಿಕೊಂಡಳು.

ಡೀನಾಳ ಮಗಳಿಗೆ ಕೇಜ್ ವಿಷಯ ಹೇಳಿದೆ. ಬಾಗಿಲು ಅರ್ಧ ತೆರೆದು, "ನಿಮಗೆ ಪುರುಸೊತ್ತಿದ್ರೆ" ಅಂದಳು.

ಪುರುಸೊತ್ತು! ಈ ಮನೆಯಲ್ಲಿ ಈಗ ಬೇಕಾದಷ್ಟಿರುವುದು ಅದೊಂದೇ.

ಜನವರಿ 17, ಶನಿವಾರ

ಮೊದಲನೆಯ ಕೇಜ್ ನೋಡಿ ಬಂದೆವು. ಪಾಳುಬಿದ್ದ ಶಾಪಿಂಗ್ ಮಾಲಿನಲ್ಲಿ ಹಿಂದೆ ಬಟ್ಟೆ ಅಂಗಡಿಯಿದ್ದ ಜಾಗ. ಒಳಗೆ ಬಣ್ಣದ ದೀಪ, ಕಿವಿ ಒಡೆಯುವ ಹಾಡು, ಯಾವುದೋ ಮಗುವಿನ ಹುಟ್ಟುಹಬ್ಬ. ಕೇಕಿನ ಕ್ರೀಮು ಮೆತ್ತಿದ ಕೈಯಲ್ಲೇ ಮಕ್ಕಳು ಬ್ಯಾಟ್ ಹಿಡಿದಿದ್ದವು.

"ಇಡೀ ಜಿಲ್ಲೆ ಸುತ್ತಿ ಬನ್ನಿ ಸಾರ್, ಇಂಥದ್ದು ಇನ್ನೊಂದು ತೋರಿಸಿ" ಅಂದ ಮಾಲೀಕ.

ಡೀನಾಳ ಮಗಳು ಹೆಲ್ಮೆಟ್ ಹಾಕಿಕೊಂಡು ನಿಂತಳು. ಬಂದ ಚೆಂಡುಗಳಲ್ಲಿ ಹೆಚ್ಚಿನವು ಅವಳ ಬ್ಯಾಟಿಗೆ ಸಿಗದೆ ಹಿಂದಿನ ರಬ್ಬರ್ ಪರದೆಗೆ ಬಡಿದವು. ಹೊರಗೆ ಬಂದಾಗ ಹೇಗಿತ್ತು ಅಂತ ಕೇಳಿದೆ.

"ಪರವಾಗಿಲ್ಲ."

ಪರವಾಗಿಲ್ಲ ಅಂದರೆ ಪರವಾಗಿಲ್ಲ ಅಂತಲೇ ನಾನು ತಿಳಿದೆ. ವಾರಕ್ಕೆ ಎಷ್ಟು ದಿನ ಬರಬಹುದು ಅಂತೆಲ್ಲ ಮಾಲೀಕನನ್ನು ವಿಚಾರಿಸಿದೆ. ಮನೆಗೆ ಬರುವ ದಾರಿಯಲ್ಲಿ ಕೆಂಪು ದೀಪಕ್ಕೆ ನಿಂತಿದ್ದಾಗ ಅವಳು ಹೇಳಿದಳು, ನನಗಲ್ಲ, ಮುಂದಿನ ಗಾಜಿಗೆ: "ಆ ಯಂತ್ರ ಚೆಂಡನ್ನ ಮೇಲಿಂದ ಹಾಕತ್ತೆ."

"ಅಂದ್ರೆ?"

"ಬೇಸ್‌ಬಾಲ್‌ನಲ್ಲಿ ಕೈ ಮೇಲೆತ್ತಿ ಎಸೀತಾರೆ. ಸಾಫ್ಟ್‌ಬಾಲ್‌ನಲ್ಲಿ ಕೆಳಗಿಂದ, ಸೊಂಟದ ಹತ್ರದಿಂದ. ಚೆಂಡು ಏಳ್ತಾ ಬರಬೇಕು. ಇದು ಇಳೀತಾ ಬರತ್ತೆ."

"ಅಲ್ಲೇ ಹೇಳಬಾರದಿತ್ತಾ?"

"ನೀವು ಅಷ್ಟು ದೂರ ಕರ್ಕೊಂಡು ಬಂದಿದ್ರಿ."

ಅಷ್ಟೇ. ಕಿಟಕಿಯ ಆಚೆ ಬೇಸಿಗೆಯಿಡೀ ಡೀನಾ ಕೈ ಬೀಸಿ ಎಸೆಯುತ್ತಿದ್ದದ್ದು ಕಣ್ಣಿಗೆ ಬರುತ್ತದೆ. ಕೈ ಮೇಲಿತ್ತೋ ಕೆಳಗಿತ್ತೋ, ಪ್ರಮಾಣ ಮಾಡಿ ಹೇಳಲಾರೆ.

ಜನವರಿ 24, ಶನಿವಾರ

ಎರಡನೆಯದು ಊರಾಚೆ, ಹೊಲಗಳ ನಡುವೆ, ಹಳೆಯ ಹಸುವಿನ ಕೊಟ್ಟಿಗೆ. ಹಸುಗಳು ಹೋಗಿ ಎಷ್ಟೋ ವರ್ಷವಾಗಿದೆ, ವಾಸನೆ ಹೋಗಿಲ್ಲ. ಎರಡು ಬಲೆ, ಒಂದು ಸೀಮೆಎಣ್ಣೆ ಹೀಟರ್. ನಡೆಸುವವಳು ವರ್ನಾ ಎಂಬ ಮುದುಕಿ. ಕೋಲೂರಿಕೊಂಡು ಬಂದು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಡೋರು ಯಾರು? ನೀನಾ ಅವಳಾ?"

"ಅವಳು."

"ಸದ್ಯ! ನಿನ್ನ ಹೊಟ್ಟೆ ನೋಡಿ ಹೆದರಿದ್ದೆ."

ಇಲ್ಲಿನ ಯಂತ್ರ ಕೆಳಗಿನಿಂದಲೇ ಎಸೆಯುತ್ತದೆ. ಹುಡುಗಿ ಹೊಡೆಯತೊಡಗಿದಳು. ಕಳೆದ ವಾರದವಳೇ ಇವಳು ಅನಿಸಲಿಲ್ಲ. ಚೆಂಡು ಬ್ಯಾಟಿನ ನಡುಮಧ್ಯಕ್ಕೆ ಸಿಕ್ಕಾಗ ಬರುವ ಸದ್ದೇ ಬೇರೆ, ಅಂಗಡಿಯಲ್ಲಿ ಮಾಂಸ ಕಡಿಯುವಾಗ ಗಟ್ಟಿ ಮೂಳೆಗೆ ನನ್ನ ಕತ್ತಿ ಸರಿಯಾಗಿ ಬಿದ್ದ ಹಾಗೆ. ಅಷ್ಟರಲ್ಲಿ ಒಂದು ಚೆಂಡು ಬಲೆಯ ತೂತಿನಿಂದ ಹಾರಿ ಬಂದು ನನ್ನ ಕೈಯಲ್ಲಿದ್ದ ಕಾಫಿಗೆ ಬಡಿಯಿತು. ಕಾಫಿ ನನ್ನ ಎದೆಗೆ, ಗಡ್ಡಕ್ಕೆ.

ಹುಡುಗಿ ನಕ್ಕಳು. ಜೋರಾಗಿ, ಬಗ್ಗಿ, ಬ್ಯಾಟಿಗೆ ಒರಗಿ. ನವೆಂಬರಿನಿಂದ ಆ ಸದ್ದು ಕೇಳಿರಲಿಲ್ಲ.

"ಕಾಫಿ ಇಲ್ಲಿ ನಿಂತು ಕುಡೀಬಾರದು ಅಂತ ಬೋರ್ಡ್ ಹಾಕಬೇಕು" ಅಂದಳು ವರ್ನಾ. ಬಲೆ ಹೊಲಿಸಬೇಕು ಅಂತ ಅವಳಿಗೆ ಹೊಳೆಯಲಿಲ್ಲ.

ನಾನು ಬೇಡ ಅಂದೆ. ಬಲೆಯಲ್ಲಿ ಒಂದಲ್ಲ, ಎಲ್ಲೆಲ್ಲೂ ತೂತು. ನಾಳೆ ಪಕ್ಕದ ಬಲೆಯಿಂದ ಬಂದ ಚೆಂಡು ಅವಳ ಮುಖಕ್ಕೇ ಬಡಿದರೆ ವೇಡ್‌ಗೆ ನಾನು ಏನು ಹೇಳಲಿ? ಹುಡುಗಿ ಬ್ಯಾಟನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಜನವರಿ 29, ಗುರುವಾರ

ಸರೋವರದ ಕಡೆಯಿಂದ ಹಿಮ ಬೀಸಿ ಬರುತ್ತಲೇ ಇದೆ. ಅಂಗಡಿಯ ಮಾಂಸದ ಕೌಂಟರಿಗೆ ಇಡೀ ದಿನ ನಾಲ್ಕೈದು ಜನ. ಮನೆಯಲ್ಲಿ ಸೂಪಿನ ಡಬ್ಬ ಬಿಸಿ ಮಾಡಿದೆ. ಇಬ್ಬರೂ ನಮ್ಮ ನಮ್ಮ ಬಟ್ಟಲು ನೋಡಿಕೊಂಡು ಕುಡಿದೆವು.

ಫೆಬ್ರವರಿ 7, ಶನಿವಾರ

ಮೂರನೆಯದು ಹೆದ್ದಾರಿಯ ಪಕ್ಕದ ಹೊಸ ತರಬೇತಿ ಕೇಂದ್ರ. ಇದಂತೂ ಅರಮನೆ. ಬೆಚ್ಚಗಿದೆ, ಬಲೆಗಳು ಹೊಸವು, ಬ್ಯಾಟಿನ ವೇಗ ಅಳೆಯಲು ಕಂಪ್ಯೂಟರ್. ಇಲ್ಲಿಗೇ ಸೇರಿಸುವುದು ಅಂತ ಬಾಗಿಲಲ್ಲೇ ತೀರ್ಮಾನಿಸಿದ್ದೆ.

ಬ್ರಾಡಿ ಅಂತ ಒಬ್ಬ ತರಬೇತುದಾರ, ಚುರುಕು ಹುಡುಗ, ಕೈಕುಲುಕಿ ಕೇಳಿದ: "ನಿಮ್ಮ ಮಗಳಾ?"

"ಅಲ್ಲ. ನನ್ನ ಹೆಂಡತಿಯ ಮಗಳು" ಅಂದೆ. ಇಂಥ ಜಾಗಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಒಳ್ಳೆಯದು. ಆಮೇಲೆ ತಕರಾರು ಬೇಡ. ಪಕ್ಕದಲ್ಲಿ ಹುಡುಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ಹುಡುಗಿ ಹೊಡೆಯುವ ಮುಂಚೆ ಮುಂದಿನ ಕಾಲನ್ನು ಕೊಕ್ಕರೆಯ ಹಾಗೆ ಮೇಲಕ್ಕೆತ್ತಿ ಇಳಿಸುತ್ತಾಳೆ. ಬ್ರಾಡಿ ಅದನ್ನು ಪರದೆಯ ಮೇಲೆ ನಿಧಾನವಾಗಿ ತೋರಿಸಿದ.

"ಈ ಡ್ಯಾನ್ಸ್ ಯಾರು ಕಲಿಸಿದ್ದು?"

"ಅಮ್ಮ."

"ಹಾಗಾದ್ರೆ ಇದೇ ಮೊದಲನೇ ಪಾಠ. ಅಮ್ಮ ಕಲಿಸಿದ್ದನ್ನ ಪೂರ್ತಿ ಮರೀಬೇಕು!" ಅಂತ ನಕ್ಕ. ಪಾಪ, ಅವನಿಗೆ ಏನು ಗೊತ್ತು?

ಹುಡುಗಿ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟಳು. ಕೋಟು ಕೂಡ ಹಾಕಿಕೊಳ್ಳದೆ ಹಿಮದಲ್ಲಿ ನಡೆದು ಹೋಗಿ ಕಾರಿನಲ್ಲಿ ಕುಳಿತಳು. "ಮರೆಯೋದು ಬೇಡಪ್ಪ" ಅಂತ ಬ್ರಾಡಿಗೆ ಹೇಳಿ, ಅವಳ ಕೋಟು, ಬ್ಯಾಟು, ಚೀಲ ಎತ್ತಿಕೊಂಡು ನಾನೂ ಬಂದೆ.

ಕಾರಿನಲ್ಲಿ ಸಮಾಧಾನ ಹೇಳಿದೆ. "ಆ ಹುಡುಗನಿಗೆ ಅಮ್ಮನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ರೆ ಹಾಗೆ ಅಂತಿರಲಿಲ್ಲ."

"ಅವನಲ್ಲ" ಅಂದಳು.

"ಮತ್ತೆ?"

ಮನೆ ತಲುಪುವ ತನಕ ಕಿಟಕಿಯ ಕಡೆಗೇ ಮುಖ. ಅವನಲ್ಲದಿದ್ದರೆ ಇನ್ಯಾರು? ಅಲ್ಲಿ ಬೇರೆ ಯಾರೂ ಅವಳಿಗೆ ಒಂದು ಮಾತೂ ಅನ್ನಲಿಲ್ಲ.

ಫೆಬ್ರವರಿ 8

ಇವತ್ತು ಊಟದ ತಟ್ಟೆಯನ್ನು ತನ್ನ ಕೋಣೆಗೇ ಒಯ್ದಳು.

ಫೆಬ್ರವರಿ 12, ಗುರುವಾರ

ವೇಡ್ ಅವಳ ಫೋನಿಗೆ ಫೋಟೋ ಕಳಿಸಿದ್ದಾನೆ. ಊಟದ ಮೇಜಿನಲ್ಲಿ ತೋರಿಸಿದಳು. ಹಸಿರು ಮೈದಾನ, ನೀಲಿ ಆಕಾಶ, ಚಳಿಗಾಲದಲ್ಲೂ ಚಡ್ಡಿ ಹಾಕಿಕೊಂಡ ಹುಡುಗಿಯರು. ಇನ್ನೊಂದರಲ್ಲಿ ವೇಡ್‌ನ ಚಿಕ್ಕ ಮಗಳು ಮೇಸಿ, ನಾಲ್ಕು ವರ್ಷದ್ದು, ತನ್ನ ತಲೆಗಿಂತ ದೊಡ್ಡ ಹೆಲ್ಮೆಟ್ ಹಾಕಿಕೊಂಡು ನಿಂತಿದೆ.

"ಅಲ್ಲಿ ವರ್ಷವಿಡೀ ಹೊರಗೇ ಆಡ್ತಾರಂತೆ" ಅಂದಳು.

"ಒಳ್ಳೇದು" ಅಂದೆ.

ನಮ್ಮ ಅಂಚೆ ಡಬ್ಬಿ ಹಿಮದಲ್ಲಿ ಕುತ್ತಿಗೆಯ ತನಕ ಹೂತಿದೆ. ಸಲಿಕೆ ತೆಗೆದುಕೊಂಡು ಹೋಗಿ ಬಿಡಿಸಿದೆ. ಬೆಳಿಗ್ಗೆ ಮತ್ತೆ ಹೂತಿರುತ್ತದೆ.

ಫೆಬ್ರವರಿ 14, ಶನಿವಾರ

ಯಾಕೆ ಹೋದೆನೋ ಗೊತ್ತಿಲ್ಲ, ಒಬ್ಬನೇ ವರ್ನಾಳ ಕೊಟ್ಟಿಗೆಗೆ ಹೋದೆ. ಅಂಗಡಿಯಿಂದ ಮಾಂಸದ ತುಂಡು ಬಿಗಿಯುವ ದಾರದ ಉಂಡೆ ತೆಗೆದುಕೊಂಡು ಹೋಗಿದ್ದೆ.

"ಏನಯ್ಯಾ, ಕಾಫಿಗೆ ಬಂದೆಯಾ?"

"ಬಲೆ ಹೊಲಿಯೋಣ ಅಂತ."

"ನಾನು ಕರೆದಿಲ್ಲವಲ್ಲ."

"ಇಲ್ಲ."

"ಹಾಗಾದ್ರೆ ಹೊಲಿ" ಅಂದು ಕುರ್ಚಿ ಎಳೆದುಕೊಂಡು ಕುಳಿತಳು.

ಬೆಳಗ್ಗೆಯೆಲ್ಲ ಹೊಲಿದೆ. ತೂತಿನ ಅಂಚು ಸೇರಿಸಿ ಗಂಟು ಹಾಕುವುದು, ಎಳೆಯುವುದು. ವರ್ನಾ ಸುಮ್ಮನಿರುವ ಪೈಕಿಯಲ್ಲ. ತಂತಿ ಕಾರ್ಖಾನೆಯ ಹೆಂಗಸರ ತಂಡದಲ್ಲಿ ತಾನು ಚೆಂಡು ಎಸೆಯುತ್ತಿದ್ದುದು, ಒಬ್ಬ ಅಂಪೈರ್ ತನ್ನನ್ನು ಮದುವೆಯಾದದ್ದು, ಆಮೇಲೂ ಅವನ ತೀರ್ಪುಗಳು ಒಂದೂ ಸರಿಯಿರದಿದ್ದುದು, ಎಲ್ಲ ಹೇಳಿದಳು. ಆಮೇಲೆ ಕೇಳಿದಳು:

"ಹೆಂಡತಿ?"

"ಇದ್ದಳು."

ವರ್ನಾ ಹೀಟರಿನ ಬತ್ತಿ ತಗ್ಗಿಸಿದಳು. "ಆ ಹುಡುಗಿಗೆ ಎಸೀತಿದ್ದದ್ದು ಅವಳೇ ತಾನೆ? ನೋಡಿದ್ರೇ ಗೊತ್ತಾಗತ್ತೆ. ಯಂತ್ರದ ಮುಂದೆ ನಿಂತರೂ ಅವಳ ಕಣ್ಣು ಯಾರದೋ ಕೈ ಹುಡುಕ್ತಿರತ್ತೆ. ಅವಳಿಗೆ ಮನುಷ್ಯರ ಕೈ ಬೇಕು ಕಣಯ್ಯ."

"ನೀವು ಎಸೀತೀರಾ?"

"ನನ್ನ ಸೊಂಟದೊಳಗೆ ಈಗಿರೋದು ಬರೀ ಕಬ್ಬಿಣ. ನೀನು ಎಸಿ."

"ನನಗೆ ಬರಲ್ಲ."

"ಬರೋ ಹಾಗಿದ್ರೆ ನಾನ್ಯಾಕೆ ಬೇಕಿತ್ತು? ಏಳು."

ಕಾಲು ಮುಂದಿಡು, ಕೈ ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ಸುತ್ತಿಸು, ಸೊಂಟದ ಪಕ್ಕ ಬಂದಾಗ ಬಿಡು. ಕೇಳಲು ಎಷ್ಟು ಸುಲಭ! ನನ್ನ ಮೊದಲನೆಯ ಚೆಂಡು ನನ್ನ ಬೆನ್ನ ಹಿಂದಕ್ಕೇ ಹೋಯಿತು. ವರ್ನಾ ಕೋಲಿನಿಂದ ನೆಲ ಕುಟ್ಟಿ ಕುಟ್ಟಿ ನಕ್ಕಳು.

ಫೆಬ್ರವರಿ 19, ಗುರುವಾರ

ಕೆಲಸ ಮುಗಿಸಿ ಬಂದು, ಕೊರಿನ್ ಶಾಲೆಯಿಂದ ಬರುವ ಮುಂಚೆ, ಗ್ಯಾರೇಜಿನಲ್ಲಿ ಎಸೆದು ನೋಡುತ್ತಿದ್ದೇನೆ. ಗೋಡೆಗೆ ಹಳೆಯ ಹಾಸಿಗೆ ಒರಗಿಸಿದ್ದೇನೆ. ಭುಜ ರಾತ್ರಿಯೆಲ್ಲ ನೋಯುತ್ತದೆ. ಇವತ್ತು ಬಣ್ಣದ ಡಬ್ಬ ಉರುಳಿತು, ಕಿಟಕಿಯ ಗಾಜು ಸ್ವಲ್ಪದರಲ್ಲಿ ಉಳಿಯಿತು. ಆದರೆ ಕೊನೆಕೊನೆಗೆ ಕೆಲವು ಹಾಸಿಗೆಗೇ ಬಿದ್ದವು.

ಕೌಂಟರಿನಲ್ಲಿ ನಮ್ಮ ಯಜಮಾನ ಗಸ್ ಕೇಳಿದ, "ಏನಾಯ್ತೋ ಕೈಗೆ, ಕತ್ತಿ ಎತ್ತೋಕೂ ಆಗ್ತಿಲ್ಲ?" ಹಿಮ ಎತ್ತಿ ಹಾಕಿದ್ದು ಅಂದೆ.

ಫೆಬ್ರವರಿ 22, ಭಾನುವಾರ

ಎಲ್ಲಿಗೆ ಅಂತ ಹೇಳದೆ ಕೊರಿನ್‌ಳನ್ನು ಕರೆದುಕೊಂಡು ಹೋದೆ. ಕೊಟ್ಟಿಗೆ ಕಂಡಾಗ ಅವಳ ಬೆನ್ನು ನೆಟ್ಟಗಾಯಿತು. ಹೊಲಿದ ಬಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ವರ್ನಾ ಯಂತ್ರ ಹಾಕಲಿಲ್ಲ. ಚೆಂಡಿನ ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟಳು.

ಮೊದಲನೆಯದು ಮೇಲಿನ ಬಲೆಗೆ ಹೋಯಿತು. ಎರಡನೆಯದು ಅವಳ ಮುಂದೆ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ಅವಳ ಬೂಟಿಗೆ ತಾಗಿ ನಿಂತಿತು. ಕೊರಿನ್ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನೀನು ಇದನ್ನ ಯಾವಾಗ ಕಲಿತೆ?"

"ಕಲಿತಿಲ್ಲ. ಕಲೀತಾ ಇದೀನಿ."

"ಗ್ಯಾರೇಜ್‌ನಲ್ಲಿ ಬಣ್ಣ ಚೆಲ್ಲಿದ್ದು ನೀನೇನಾ?"

"ಹೂಂ."

ಬ್ಯಾಟ್ ಕೆಳಗಿಟ್ಟು ನನ್ನ ಹತ್ತಿರ ಬಂದಳು. ನನ್ನ ಮಣಿಕಟ್ಟು ಹಿಡಿದು ತಿರುಗಿಸಿದಳು. "ಇಲ್ಲಿ ಬಿಗಿ ಹಿಡೀತೀಯ. ಸಡಿಲ ಬಿಡು. ಕೊನೇಲಿ ಬಾಗಿಲ ಹಿಡಿ ತಿರುಗಿಸಿದ ಹಾಗೆ, ಹೀಗೆ. ಅಮ್ಮ ಹೀಗೆ ಮಾಡ್ತಿದ್ಲು." ಡೀನಾ ಹೇಗೆ ಮಾಡುತ್ತಿದ್ದಳು ಅಂತ ಅವಳು ಮಾಡಿ ತೋರಿಸಿದಳು. ನಾನು ನೋಡಿದೆ. ಈ ಸಲ ಸರಿಯಾಗಿ ನೋಡಿದೆ.

ನಂತರ ಎಸೆದವುಗಳಲ್ಲಿ ಹೊಡೆಯಲು ಯೋಗ್ಯವಾದವು ಕಡಿಮೆ. ಯೋಗ್ಯವಾದದ್ದನ್ನು ಒಂದನ್ನೂ ಅವಳು ಬಿಡಲಿಲ್ಲ. ಕೇಜ್ ಹುಡುಕುವ ಕೆಲಸ ಅಲ್ಲಿಗೆ ಮುಗಿದ ಹಾಗೆ.

ಮಾರ್ಚ್ 6, ಶುಕ್ರವಾರ

ತಂಡಕ್ಕೆ ಆಯ್ಕೆಯಾದಳು. ಮೈದಾನದಲ್ಲಿ ಮೂರನೆಯ ಬೇಸ್ ಕಾಯುವ ಜಾಗ. ಅಂಗಡಿಗೇ ಬಂದು ಕೌಂಟರಿನ ಆಚೆಯಿಂದ ಹೇಳಿದಳು, ಮುಂದೆ ಸಾಲಿನಲ್ಲಿ ಗಿರಾಕಿಗಳಿದ್ದರೂ. ಸಂಜೆ ಚರ್ಚಿನಲ್ಲಿ ಶುಕ್ರವಾರದ ಮೀನೂಟಕ್ಕೆ ಹೋದೆವು. ಅವಳಿಗೆ ಸೇರದ ಎಲೆಕೋಸಿನ ಪಲ್ಯವನ್ನು ಯಾವಾಗಲೂ ಡೀನಾ ತಿನ್ನುತ್ತಿದ್ದಳು. ಈ ಸಲ ಬಟ್ಟಲನ್ನು ಕೊರಿನ್ ನನ್ನ ಕಡೆ ತಳ್ಳಿದಳು.

ಏಪ್ರಿಲ್ 11, ಶನಿವಾರ

ಪಂದ್ಯ. ಬಿಸಿಲಿತ್ತು, ಗಾಳಿಯೂ ಇತ್ತು. ಮೆಟ್ಟಿಲು ಬೆಂಚುಗಳ ಮೇಲೆ ತಾಯಂದಿರು ಒಂದೇ ಕಂಬಳಿ ಹೊದ್ದು ಸಾಲಾಗಿ ಕೂರುತ್ತಾರೆ, ಅಪ್ಪಂದಿರು ಬೇಲಿಗೆ ಒರಗಿ ನಿಂತು ಅಂಪೈರನ್ನು ಬೈಯುತ್ತಾರೆ. ನಾನು ಎರಡೂ ಕಡೆ ಸಲ್ಲುವವನಲ್ಲ. ತುದಿಯಲ್ಲಿ ಕೂರುತ್ತೇನೆ. ಏಲಕ್ಕಿ ಬ್ರೆಡ್ ಮಾಡಿಕೊಂಡು ಹೋಗಿದ್ದೆ, ನಮ್ಮಮ್ಮ ಮಾಡುತ್ತಿದ್ದ ಹಾಗೆ, ಎಲ್ಲರಿಗೂ ಹಂಚೋಣ ಅಂತ. ಹೇಗೆ ಹಂಚುವುದು ಅಂತ ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಕಂಬಳಿಯ ಒಬ್ಬಾಕೆ ತಿರುಗಿ ಕೇಳಿದಳು, "ನೀವು ಯಾರ ಕಡೆಯವರು?"

"ಮೂರನೇ ಬೇಸ್ ಕಡೆ" ಅಂದೆ.

ಆಕೆ ನಕ್ಕು ಮುಂದೆ ತಿರುಗಿದಳು. ನಾನು ತಮಾಷೆ ಮಾಡಿದ್ದಲ್ಲ.

ಸೋತೆವು. ಬ್ರೆಡ್ಡನ್ನು ಕೊರಿನ್ ಕಾರಿನಲ್ಲೇ ಅರ್ಧ ಮುಗಿಸಿದಳು.

ಮೇ 10, ಭಾನುವಾರ

ತಾಯಂದಿರ ದಿನ. ಇಬ್ಬರೂ ಸಮಾಧಿಗೆ ಹೋಗಿ ಬಂದೆವು. ಅಲ್ಲಿ ಹುಲ್ಲು ಇನ್ನೂ ಹಿಡಿದಿಲ್ಲ.

ಮೇ 16, ಶನಿವಾರ

ವೇಡ್ ಬಂದಿದ್ದಾನೆ, ಎರಡು ದಿನಕ್ಕೆ, ಹೋಟೆಲಿನಲ್ಲಿ ಇಳಿದುಕೊಂಡು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಿತ್ತು!

ಕೊರಿನ್ ಅವನನ್ನು ವರ್ನಾಳ ಕೊಟ್ಟಿಗೆಗೆ ಕರೆದುಕೊಂಡು ಹೋಗೋಣ ಅಂದಳು. ಮೂವರೂ ಹೋದೆವು. ಬಕೆಟ್ ನಾನು ಎತ್ತಿಕೊಳ್ಳುವುದಕ್ಕೆ ಮುಂಚೆ ವೇಡ್ ಎತ್ತಿಕೊಂಡ. ಸೊಗಸಾಗಿ ಎಸೆಯುತ್ತಾನೆ. ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದವನಂತೆ, ಕೆಳಗಿನಿಂದ ಎಸೆಯುವುದೂ ಅವನ ಕೈಗೆ ಸಲೀಸು. ಆಮೇಲೆ ಅವನೂ ಬ್ಯಾಟ್ ಹಿಡಿದ. ಅಪ್ಪ ಮಗಳು ಇಬ್ಬರೂ ಎಡಗೈ ಬ್ಯಾಟಿನವರು. ನಿಲ್ಲುವ ರೀತಿ, ಹೊಡೆಯುವ ಮುಂಚೆ ತುಟಿ ಕಚ್ಚುವುದು, ಎಲ್ಲ ಒಂದೇ ಅಚ್ಚು. ನಾನು ಬೆಂಚಿನ ಮೇಲೆ ಕುಳಿತು ಅವರ ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ.

ವರ್ನಾ ನನ್ನ ಪಕ್ಕ ಬಂದು ಕುಳಿತಳು. ಅವಳು ಸುಮ್ಮನಿದ್ದದ್ದನ್ನು ಇವತ್ತೇ ನೋಡಿದ್ದು.

ಆಮೇಲೆ, ಕೊರಿನ್ ಕೈ ತೊಳೆಯಲು ಹೋದಾಗ, ವೇಡ್ ಕೇಳಿದ: "ಜೂನ್ ಏಳಕ್ಕೆ ಟಿಕೆಟ್ ತೆಗೀಲಾ? ನಿಮಗೆ ಬೇಸರ ಇಲ್ಲ ತಾನೆ ಆರ್ವಿಡ್? ನೇರವಾಗಿ ಹೇಳಿ."

"ಅವಳಿಗೆ ಒಳ್ಳೇದು. ಅಲ್ಲಿ ತಂಗಿ ಇದ್ದಾಳೆ, ಬಿಸಿಲಿದೆ. ಕರ್ಕೊಂಡು ಹೋಗು" ಅಂದೆ.

ಅದು ನಿಜವೇ. ನಿಜವಲ್ಲದ ಒಂದು ಮಾತೂ ಅದರಲ್ಲಿಲ್ಲ.

ಮೇ 17, ಭಾನುವಾರ

ವೇಡ್ ಹೊರಟು ಹೋದ. ಅವನ ಕಾರು ತಿರುಗುವುದನ್ನೇ ಕಾದಿದ್ದವಳ ಹಾಗೆ ಕೊರಿನ್ ಕೇಳಿದಳು, "ನೀನು ಅವನಿಗೆ ಏನಂದೆ?"

"ನಿನಗೆ ಒಳ್ಳೇದು ಅಂದೆ."

"ಅಷ್ಟೇನಾ?"

"ಇನ್ನೇನು ಅನ್ನಬೇಕಿತ್ತು?"

ಬಾಗಿಲು ಎಷ್ಟು ಜೋರಾಗಿ ಬಡಿಯಿತೆಂದರೆ ಹಜಾರದ ಫೋಟೋ ಓರೆಯಾಯಿತು. ಹುಡುಗಿಯರ ಮನಸ್ಸು ತಿಳಿಯುವುದು ಕಷ್ಟ. ಹೋಗಲು ಇಷ್ಟವಿದೆ ಅಂತಲೇ ನಾನು ತಿಳಿದಿದ್ದೆ.

ಮೇ 20

ನಾನು ಮಾಡಿದ್ದನ್ನು ತಿನ್ನುತ್ತಾಳೆ, ತಟ್ಟೆ ತೊಳೆಯುತ್ತಾಳೆ, ಹೋಗುತ್ತಾಳೆ. ಈ ಮನೆ ಇಷ್ಟು ದೊಡ್ಡದು ಅಂತ ಕೊಳ್ಳುವಾಗ ತಿಳಿದಿರಲಿಲ್ಲ.

ಮೇ 23, ಶನಿವಾರ

ಪಂದ್ಯಗಳೆಲ್ಲ ಮುಗಿದಿವೆ, ಅಭ್ಯಾಸ ಮಾಡಬೇಕಾದ ಅಗತ್ಯವೇನೂ ಇಲ್ಲ. ಆದರೂ ಬೆಳಿಗ್ಗೆ ಬ್ಯಾಟಿನ ಚೀಲ ಹಾಕಿಕೊಂಡು ಬಂದು ಕಾರಿನ ಪಕ್ಕ ನಿಂತಿದ್ದಳು. ಹೊರಟೆವು.

ನಾನು ಎಸೆದೆ. ಅವಳು ಬ್ಯಾಟ್ ಬೀಸಲಿಲ್ಲ. ನನ್ನ ಚೆಂಡೇ ಸರಿ ಬಂದಿರಲಿಲ್ಲವೇನೋ ಅಂದುಕೊಂಡು ಮತ್ತೊಂದು ಎಸೆದೆ. ಒಳ್ಳೆಯ ಚೆಂಡು, ಸೊಂಟದ ಮಟ್ಟಕ್ಕೆ. ಅದನ್ನೂ ಬಿಟ್ಟಳು. ಹಾಗೇ ಒಂದರ ಹಿಂದೊಂದು ಅವಳ ಪಕ್ಕದಿಂದ ಹೋಗಿ ಹಿಂದಿನ ಬಲೆಗೆ ಬಿದ್ದವು.

ಬಾಗಿಲಲ್ಲಿದ್ದ ವರ್ನಾ, "ಏನಮ್ಮಾ, ಬ್ಯಾಟು ಸವೆದುಹೋಗತ್ತೆ ಅಂತಲಾ?" ಅಂದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿ ಕೋಲೂರಿಕೊಂಡು ಹೊರಗೆ ಹೋದಳು.

"ಯಾಕೆ ಹೊಡೀತಿಲ್ಲ?" ಅಂದೆ.

"ಹೇಳು."

"ಏನು ಹೇಳ್ಲಿ?"

"ನಿಂಗೊತ್ತು."

ನನಗೆ ಗೊತ್ತಿತ್ತು. "ಹೇಳೋಕೆ ನಾನ್ಯಾರು ಕೊರಿನ್?"

"ಅದನ್ನ ನಾನು ಕೇಳಿಲ್ಲ."

ಎಸೆದೆ. ಬಿಟ್ಟಳು. ಮತ್ತೆ ಎಸೆದೆ. ಬಿಟ್ಟಳು. ಬ್ಯಾಟ್ ಅಲುಗಲಿಲ್ಲ. ಭುಜ ಉರಿಯುತ್ತಿತ್ತು. ಬಕೆಟಿಗೆ ಕೈ ಹಾಕಿ ಒಂದು ಚೆಂಡು ತೆಗೆದವನು ಹಾಗೇ ನಿಂತೆ.

"ಹೋಗಬೇಡ" ಅಂದೆ.

"ಎಸೀತಾ ಹೇಳು."

"ಹೋಗಬೇಡ ಕೊರಿನ್" ಅಂತ ಎಸೆದೆ.

ಹೊಡೆದಳು. ಚೆಂಡು ನನ್ನ ಕಿವಿಯ ಪಕ್ಕದಿಂದ ಸುಯ್ಯೆಂದು ಹೋಗಿ ಹಿಂದಿನ ಹಲಗೆಗೆ ಬಡಿಯಿತು. ಕೊಟ್ಟಿಗೆಯೇ ಅದುರಿತು. ಆಮೇಲೆ ಅವಳು ಬ್ಯಾಟನ್ನು ನೆಲಕ್ಕೂರಿ, ತೋಳಿನಿಂದ ಮುಖ ಒರೆಸಿಕೊಂಡಳು.

"ಹೋಗ್ತೀನಿ" ಅಂದಳು. "ಮೇಸಿ ಇದ್ದಾಳೆ. ಅಪ್ಪ ಹೇಗೆ ಅಂತ ನಂಗೆ ಗೊತ್ತೇ ಇಲ್ಲ, ಗೊತ್ತು ಮಾಡ್ಕೋಬೇಕು. ಆದ್ರೆ ಇಲ್ಲಿ ಒಬ್ರಾದ್ರೂ ಹೋಗಬೇಡ ಅನ್ನದೆ ನಾನು ಹೇಗೆ ಹೋಗ್ಲಿ?"

ಮತ್ತೆ ಬ್ಯಾಟ್ ಎತ್ತಿ ಕೊಕ್ಕರೆಯ ಕಾಲು ಎತ್ತಿದಳು. ಬಕೆಟ್ ಬರಿದಾಗುವ ತನಕ ಎಸೆದೆ. ಕೆಟ್ಟ ಚೆಂಡುಗಳನ್ನೂ ಅವಳು ಬಿಡಲಿಲ್ಲ.

ಜೂನ್ 7, ಭಾನುವಾರ

ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣ. ವೇಡ್ ಹಿಂದಿನ ದಿನವೇ ಬಂದಿದ್ದ. ತಪಾಸಣೆಯ ಸಾಲಿನ ತನಕ ಹೋದೆ, ಅಲ್ಲಿಂದ ಮುಂದೆ ಬಿಡುವುದಿಲ್ಲ. ಬ್ಯಾಟನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯುವ ಹಾಗಿಲ್ಲ ಅಂತ ಸಾಮಾನಿನ ಜೊತೆ ಹಾಕಿಸಿದ್ದೆವು. ಅವಳಿಗೆ ಕೈ ಎಲ್ಲಿಡಬೇಕು ಅಂತ ತಿಳಿಯುತ್ತಿರಲಿಲ್ಲ. ಕೊನೆಗೆ ನನ್ನ ಸುತ್ತ ಇಟ್ಟಳು. ನನ್ನ ಅಂಗಿಯಲ್ಲಿ ಮಾಂಸದ ಅಂಗಡಿಯ ವಾಸನೆ ಬರುತ್ತದೆ ಅಂತ ಮೊದಲೆಲ್ಲ ದೂರ ಕೂರುತ್ತಿದ್ದವಳು.

ಮನೆಗೆ ಬರುವಾಗ ಎರಡು ಸಲ ದಾರಿ ತಪ್ಪಿತು.

ಜೂನ್ 13, ಶನಿವಾರ

ಎದ್ದೆ. ಕಾಫಿ ಮಾಡಿದೆ. ಹಿತ್ತಲಿನ ಹುಲ್ಲು ಕತ್ತರಿಸಿದೆ. ಎಷ್ಟು ಹೊತ್ತಾದರೂ ಹತ್ತು ಗಂಟೆಯಾಗಲಿಲ್ಲ.

ಜೂನ್ 20, ಶನಿವಾರ

ವರ್ನಾ ಫೋನ್ ಮಾಡಿದಳು. "ಸತ್ತಿದ್ದೀಯೋ ಬದುಕಿದ್ದೀಯೋ? ಇಲ್ಲಿ ಮೂರು ಹುಡುಗಿಯರು ಬಂದು ನಿಂತಿದ್ದಾರೆ, ಎಸೆಯೋರು ಗತಿಯಿಲ್ಲ."

ಹೋದೆ. ಮೂವರಲ್ಲಿ ಒಬ್ಬಳು ಬಲು ಚುರುಕು, ಆದರೆ ಅವಸರ ಜಾಸ್ತಿ. ನನ್ನ ಮಗಳಾಗಿದ್ದರೆ ಇನ್ನೊಂದು ಗಳಿಗೆ ಕಾದು ಹೊಡೆಯುತ್ತಿದ್ದಳು. ಹಿಂದಿರುಗುವಾಗ ಹಸಿವಾಗಿದ್ದು ಗೊತ್ತಾಯಿತು. ಮಾಂಸದ ಒಂದು ಚಾಪ್ ಹುರಿದುಕೊಂಡೆ.

ಜುಲೈ 5, ಭಾನುವಾರ

ಮಗಳು ಫೋನ್ ಮಾಡಿದ್ದಳು. ಟೂಸಾನ್‌ನಲ್ಲಿ ಈಗ ಬೆಂಕಿಯಂತೆ. ವರ್ಷವಿಡೀ ಹೊರಗೆ ಆಡುವುದೆಲ್ಲ ಸುಳ್ಳು, ಬೇಸಿಗೆಯಲ್ಲಿ ಬೆಳಗಾಗುವ ಮುಂಚೆ ಆಡಬೇಕು, ಇಲ್ಲದಿದ್ದರೆ ತಂಪು ಮಾಡಿದ ಕೇಜಿನೊಳಗೆ. ವೇಡ್ ಕೆಲವು ಕೇಜ್‌ಗಳನ್ನು ತೋರಿಸಿದನಂತೆ.

"ಒಂದರಲ್ಲಿ ಬಲೆ ಜೋಲು ಬಿದ್ದಿದೆ. ಇನ್ನೊಂದರಲ್ಲಿ ಹಾಡು ಹಾಕ್ತಾರೆ. ಇನ್ನೊಂದು ಚೆನ್ನಾಗಿದೆ ಅನ್ಸತ್ತೆ, ಗೊತ್ತಿಲ್ಲ. ನೀನು ನೋಡಿ ಹೂಂ ಅಂದ ಮೇಲೇ ಸೇರೋದು ಅಂತ ಅಪ್ಪಂಗೆ ಅಂದಿದೀನಿ."

"ನಾನು ಇಲ್ಲಿಂದ ಹೇಗೆ ನೋಡ್ಲಿ?"

"ಅಲ್ಲಿಂದ ನೋಡು ಅಂತ ನಾನೆಲ್ಲಿ ಅಂದೆ? ಬಾ. ಮೇಸಿಗೂ ಕೆಳಗಿಂದ ಎಸೆಯೋದು ಹೇಳಿಕೊಡ್ತಿದೀನಿ. ವರ್ನಾ ಹೇಳ್ತಿದ್ಲಲ್ಲ, ಥೇಟ್ ನಿನ್ನ ಹಾಗೇ, ಎಲ್ಲಾ ಬೆನ್ನ ಹಿಂದಕ್ಕೇ ಹೋಗತ್ತೆ."

ಹಿಂದೆ ವೇಡ್‌ನ ದನಿ ಕೇಳಿಸಿತು. ಏನೋ ಹೇಳಿದ. "ಅಪ್ಪನೂ ಬಾ ಅಂತಿದಾನೆ, ಹೊರಗಿನ ಕೋಣೆ ಖಾಲಿ ಇದೆಯಂತೆ" ಅಂದಳು.

ಜುಲೈ 6, ಸೋಮವಾರ

ಆಗಸ್ಟಿನಲ್ಲಿ ಒಂದು ವಾರ ರಜೆ ಕೇಳಿದೆ. ಇಷ್ಟು ವರ್ಷದಲ್ಲಿ ನಾನು ಬೇಸಿಗೆಯಲ್ಲಿ ರಜೆ ಕೇಳಿದವನಲ್ಲ, ಗಸ್ ಹುಬ್ಬೇರಿಸಿದ. "ಎಲ್ಲಿಗಯ್ಯಾ?" ಅಂದ.

"ಮಗಳನ್ನ ನೋಡೋಕೆ" ಅಂತ ಹೇಳಿ ಹಂದಿ ಮಾಂಸ ಕತ್ತರಿಸಲು ಒಳಗೆ ಹೋದೆ.

ಒಂದು ಟೋಪಿ ಕೊಳ್ಳಬೇಕು. ಅಗಲ ಅಂಚಿನದು. ಇಲ್ಲದಿದ್ದರೆ ನಿನ್ನ ಬೋಳು ತಲೆ ಅಲ್ಲಿ ಬೆಂದುಹೋಗತ್ತೆ ಅಂತ ಎಚ್ಚರಿಸಿದ್ದಾಳೆ.